ಮಗ್ಗದ ಲಾಳಿಯೂ ಇಲೆಕ್ಟ್ರಾನಿನ ಓಟವೂ



ಗಡಿಯೂರುಗಳ ನಮ್ಮ ಮಕ್ಕಳು ವಿಜ್ಞಾನವನ್ನು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಓದುತ್ತಾರೆ. ಅದನ್ನೇ ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ನಾವು ತಡವರಿಸುತ್ತೇವೆ. ಹಾಗಾಗಿ ಈ ಬಾರಿ ಕಠಿಣವೆನಿಸುವ ಒಂದು ವಿಷಯವನ್ನೇ ಎತ್ತಿಕೊಂಡಿದ್ದೇವೆ: ಇಲೆಕ್ಟ್ರಾನ್ ಮತ್ತು ಫೋನಾನ್‌ಗಳ ಒಡನಾಟ, ಅದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಬಗೆ.

ಮಗ್ಗದಿಂದ ಶುರು ಮಾಡೋಣ

ಮೆಟ್ಟುಪಾಳ್ಯಂ ಪಕ್ಕದ ಸಿರುಮುಗೈ ಕೈಮಗ್ಗದ ಸೀರೆಗೆ ಹೆಸರಾದ ಊರು. ಕೊಯಮತ್ತೂರು ಸೀಮೆಯಲ್ಲಿ ಕನ್ನಡ ಮನೆಮಾತಿನ ದೇವಾಂಗ ನೇಕಾರರು ತಲೆಮಾರುಗಳಿಂದ ಇದ್ದಾರೆ. ಮಗ್ಗ ಕಂಡವರಿಗೆ ಗೊತ್ತು: ಲಾಳಿ ಓಡುವಾಗ ಹಾಸಿನ ನೂಲು ಅದುರುತ್ತದೆ, ನೂಲು ಅತಿಯಾಗಿ ಅದುರಿದರೆ ಲಾಳಿಯ ಓಟ ಕೆಡುತ್ತದೆ.

ಲೋಹದೊಳಗೂ ಹೆಚ್ಚುಕಡಿಮೆ ಹೀಗೆಯೇ. ಸಾಲಾಗಿ ನಿಂತ ಪರಮಾಣುಗಳು ಸದಾ ಕಂಪಿಸುತ್ತಿರುತ್ತವೆ. ಆ ಕಂಪನದ ಅತಿ ಚಿಕ್ಕ ಪಾಲಿಗೆ ಫೋನಾನ್ ಎಂದು ಹೆಸರು. ಇಲೆಕ್ಟ್ರಾನ್ ಎಂಬ ಲಾಳಿ ಪರಮಾಣುಗಳನ್ನು ಎಳೆಯುತ್ತದೆ. ಪರಮಾಣುಗಳ ಕಂಪನ ಅದರ ದಾರಿ ತಪ್ಪಿಸುತ್ತದೆ. ವಿದ್ಯುತ್ ಹರಿದಾಗ ತಂತಿ ಬಿಸಿಯಾಗುವುದು ಬಹುಮಟ್ಟಿಗೆ ಇದರಿಂದ. ಸೀಸ, ಪಾದರಸದಂಥ ಲೋಹಗಳು ಅತಿ ತಣ್ಣಗಾದಾಗ ತಡೆಯೇ ಇಲ್ಲದೆ ವಿದ್ಯುತ್ ಹರಿಸುವುದಕ್ಕೂ ಇದೇ ಒಡನಾಟ ಕಾರಣ.

ಲೆಕ್ಕ ಏಕೆ ಕಷ್ಟ?

ಹತ್ತು ಪರಮಾಣುಗಳ ಒಂದು ಸಾಲು, ಅದರಲ್ಲಿ ಒಂದೇ ಇಲೆಕ್ಟ್ರಾನ್ ಇದೆ ಎನ್ನಿ. ಪ್ರತಿ ಪರಮಾಣುವಿನ ಕಂಪನಕ್ಕೆ 0ಯಿಂದ 9ರವರೆಗೆ ಹತ್ತು ಮಟ್ಟಗಳನ್ನಷ್ಟೇ ಇಟ್ಟುಕೊಂಡರೂ ಒಟ್ಟು ಸ್ಥಿತಿಗಳು 1,000 ಕೋಟಿ. ಇಲೆಕ್ಟ್ರಾನ್ ಹತ್ತರಲ್ಲಿ ಎಲ್ಲಿ ಬೇಕಾದರೂ ಇರಬಹುದಾದ್ದರಿಂದ ಅದು 10,000 ಕೋಟಿಯಾಗುತ್ತದೆ. ಕ್ವಾಂಟಂ ನಿಯಮದ ಪ್ರಕಾರ ಇವೆಲ್ಲವನ್ನೂ ಒಟ್ಟಿಗೇ ಲೆಕ್ಕಕ್ಕೆ ಹಿಡಿಯಬೇಕು. ಸಾಲನ್ನು ಇಪ್ಪತ್ತಕ್ಕೆ ಏರಿಸಿದರೆ ಯಾವ ಕಂಪ್ಯೂಟರಿನ ನೆನಪೂ ಸಾಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ‘ಪರಮ್ ಪ್ರವೇಗ’ದ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 330 ಲಕ್ಷ ಕೋಟಿಯ ಹತ್ತು ಪಟ್ಟು ಲೆಕ್ಕ. ಅಂಥದಕ್ಕೂ ಇದು ನೇರವಾಗಿ ಆಗುವ ಕೆಲಸವಲ್ಲ. ಹಾಗಾಗಿ ವಿಜ್ಞಾನಿಗಳು ಮುಖ್ಯವಾದ ಸ್ಥಿತಿಗಳನ್ನಷ್ಟೇ ಉಳಿಸಿಕೊಳ್ಳುತ್ತಾರೆ, ಇಲ್ಲವೇ ಒಂದು ಊಹೆಯಿಂದ ಲೆಕ್ಕವನ್ನು ಹಗುರ ಮಾಡಿಕೊಳ್ಳುತ್ತಾರೆ.

ತೇರೂ ಜನರೂ

ಬಹಳ ಬಳಕೆಯಲ್ಲಿರುವ ಊಹೆ 1927ರಲ್ಲಿ ಬಾರ್ನ್ ಮತ್ತು ಓಪನ್‌ಹೈಮರ್ ಕೊಟ್ಟದ್ದು. ಜಾತ್ರೆಯ ತೇರನ್ನು ನೆನೆಯಿರಿ. ತೇರು ಭಾರ, ನಿಧಾನ. ಸುತ್ತಲಿನ ಜನ ಚುರುಕು. ತೇರು ಎತ್ತ ವಾಲಿದರೂ ಜನ ಕೂಡಲೇ ಜಾಗ ಬದಲಿಸಿ ಹೊಂದಿಕೊಳ್ಳುತ್ತಾರೆ. ಪರಮಾಣು ತೇರು, ಇಲೆಕ್ಟ್ರಾನ್‌ಗಳು ಜನ. ಹೆಚ್ಚಿನ ವಸ್ತುಗಳಲ್ಲಿ ಈ ಊಹೆ ಸರಿಯಾದ ಉತ್ತರ ಕೊಡುತ್ತದೆ.

ಆದರೆ ಗ್ರಾಫೀನ್ ಎಂಬ, ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಲ್ಲಿ ಅದು ಎಡವಿತು. ಅಲ್ಲಿನ ಒಂದು ಕಂಪನ ಸೆಕೆಂಡಿಗೆ ಸುಮಾರು 47 ಲಕ್ಷ ಕೋಟಿ ಬಾರಿ ನಡೆಯುತ್ತದೆ. ಇಲೆಕ್ಟ್ರಾನ್‌ಗಳು ಹೊಂದಿಕೊಳ್ಳುವಷ್ಟರಲ್ಲಿ ತೇರು ಮತ್ತೊಂದು ಬದಿಗೆ ವಾಲಿರುತ್ತದೆ. ಹಾಳೆಗೆ ಇಲೆಕ್ಟ್ರಾನ್ ಸೇರಿಸಿದಾಗ ಕಂಪನದ ವೇಗ ಏರುವುದು ಪ್ರಯೋಗದಲ್ಲಿ ಕಂಡಿತು; ಹಳೆಯ ಊಹೆಯ ಲೆಕ್ಕ ಅದನ್ನು ವಿವರಿಸಲಿಲ್ಲ. 2007ರಲ್ಲಿ ಇದು ಪ್ರಕಟವಾಯಿತು. 2008ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ. ಸೂದ್, ಎಚ್.ಆರ್. ಕೃಷ್ಣಮೂರ್ತಿ, ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉಮೇಶ್ ವಾಘ್ಮಾರೆ ಮತ್ತು ಸಂಗಡಿಗರು ಹೊರದೇಶದ ತಂಡಗಳೊಡನೆ ಸೇರಿ, ಇನ್ನೂ ಹೆಚ್ಚು ಇಲೆಕ್ಟ್ರಾನ್ ತುಂಬಿಸಿ ಅಳೆದರು. ಇಲೆಕ್ಟ್ರಾನ್ ತಡವಾಗಿ ಹೊಂದಿಕೊಳ್ಳುವುದನ್ನು ಸೇರಿಸಿದ ಲೆಕ್ಕವೇ ಅಳತೆಯ ಹತ್ತಿರ ಬಂತು.

ಅವರು ಅಳೆದದ್ದು ರಾಮನ್ ಪರಿಣಾಮದಿಂದ: ಬೆಳಕು ಬಿಟ್ಟು, ಚದುರಿ ಬಂದ ಬೆಳಕಿನ ಬಣ್ಣದಲ್ಲಾದ ವ್ಯತ್ಯಾಸದಿಂದ ಕಂಪನವನ್ನು ತಿಳಿಯುವ ವಿಧಾನ. ಸಿ.ವಿ. ರಾಮನ್ ಹುಟ್ಟಿದ್ದು ತಿರುಚ್ಚಿರಾಪಳ್ಳಿಯಲ್ಲಿ. ಕಂಡುಹಿಡಿದದ್ದು 1928ರ ಫೆಬ್ರವರಿ 28ರಂದು ಕಲ್ಕತ್ತದಲ್ಲಿ. 1933ರಿಂದ ಕೊನೆಯವರೆಗೆ ನೆಲೆಸಿದ್ದು ಬೆಂಗಳೂರಿನಲ್ಲಿ. ಗಡಿಯ ಎರಡೂ ಬದಿಗೆ ಸೇರಿದವರು ಅವರು.

ಕಂಪ್ಯೂಟರ್ ಎಷ್ಟೇ ದೊಡ್ಡದಿರಲಿ, ಅದರ ಉತ್ತರ ನಾವು ಕೊಟ್ಟ ಊಹೆಗಿಂತ ಗಟ್ಟಿಯಾಗಿರದು. ಊಹೆಯನ್ನು ಅಳತೆಗೆ ಒಡ್ಡಿ ನೋಡಬೇಕು. ಮಕ್ಕಳಿಗೆ ಇಷ್ಟು ತಿಳಿದರೆ ಸಾಕು.

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಅಂದು ಮನೆಯ ಮಕ್ಕಳಿಗೆ ಈ ಲಾಳಿಯ ಕಥೆ ಹೇಳಿ. ಹಾಸು, ಹೊಕ್ಕು, ಲಾಳಿ ಎಂಬುದಕ್ಕೆ ನಿಮ್ಮ ಮನೆಯ ಹಿರಿಯರು ಬೇರೆ ಮಾತು ಆಡುತ್ತಿದ್ದರೆ ನಮಗೆ ಬರೆದು ತಿಳಿಸಿ.