ಕೈಯಿಂದ ಕೈಗೆ ದಾಟಿದ ಹಾಡು

ಅಂಗಡಿಯಲ್ಲಿ ಸಿಗದ, ರೇಡಿಯೋದಲ್ಲಿ ಕೇಳಿಬರದ ಒಂದು ಪಾಪ್ ತಂಡವನ್ನು ಎರಡು ದಶಕ ಬದುಕಿಸಿಟ್ಟವರು ಯಾರು? ಕಂಪನಿಯೂ ಅಲ್ಲ, ಜಾಹೀರಾತೂ ಅಲ್ಲ. ಒಳ್ಳೆಯ ಹಾಡು ಕೇಳಿದ ಮೇಲೆ ಸುಮ್ಮನಿರಲಾರದ ಕೆಲವು ಹುಡುಗರು.

1993ರ ವಸಂತಕಾಲ. ಅಮೆರಿಕದ ಮಿಸ್ಸೂರಿ ರಾಜ್ಯದಲ್ಲಿ ಕೊಲಂಬಿಯಾ ಎಂಬ ವಿಶ್ವವಿದ್ಯಾಲಯದ ಊರು. ಅಲ್ಲಿ ವಿದ್ಯಾರ್ಥಿಗಳೇ ನಡೆಸುವ 'ಕೆ.ಸಿ.ಓ.ಯು.' ಎಂಬ ಪುಟ್ಟ ರೇಡಿಯೋ ಕೇಂದ್ರವಿದೆ. ಆ ವರ್ಷದ ಉತ್ಸವಕ್ಕೆ ಯಾರನ್ನು ಹಾಡಲು ಕರೆಯುವುದು ಎಂಬ ಪ್ರಶ್ನೆ ಬಂದಾಗ ಕೇಂದ್ರದ ಇಬ್ಬರು ಹುಡುಗರ ತಲೆಗೆ ಒಂದು ವಿಚಿತ್ರ ಯೋಚನೆ ಹೊಳೆಯಿತು. ಅವರಿಗೆ ಬೇಕಿದ್ದ ತಂಡ ಒಡೆದುಹೋಗಿ ಹದಿನೆಂಟು ವರ್ಷವಾಗಿತ್ತು. ಅದರಲ್ಲೊಬ್ಬ ತೀರಿಕೊಂಡಿದ್ದ. ಆ ತಂಡ ನುಡಿಸುತ್ತಿದ್ದ ಕಾಲಕ್ಕೆ ಈ ಹುಡುಗರು ಇನ್ನೂ ಅಂಬೆಗಾಲಿನ ಕೂಸುಗಳು!

ಆದರೂ ಧೈರ್ಯ ಮಾಡಿ ಕೇಳಿಯೇಬಿಟ್ಟರು. ಹಾಡುಗಾರ ಒಪ್ಪುವುದಾದರೆ ತನ್ನದೇನೂ ಅಡ್ಡಿಯಿಲ್ಲ ಎಂದ ಡ್ರಮ್ ವಾದಕ ಜೋಡಿ ಸ್ಟೀಫನ್ಸ್. ಹಾಡುಗಾರ ಅಲೆಕ್ಸ್ ಚಿಲ್ಟನ್ ಹಳೆಯ ತಂಡದ ಮಾತೆತ್ತಿದರೆ ಮುಖ ತಿರುಗಿಸುತ್ತಿದ್ದ ಆಸಾಮಿ. ಎಲ್ಲರೂ ಬೆರಗಾಗುವಂತೆ ಆತನೂ ಹೂಂ ಎಂದ. ಏಪ್ರಿಲ್ 25ರಂದು ವಿಶ್ವವಿದ್ಯಾಲಯದ ಆವರಣದ ಒಂದು ಡೇರೆಯಲ್ಲಿ 'ಬಿಗ್ ಸ್ಟಾರ್' ಮತ್ತೆ ಹಾಡಿತು.

ಕೋಟಿಗಟ್ಟಲೆ ಹಣ ಹೂಡುವ ರೆಕಾರ್ಡು ಕಂಪನಿಗಳಿಗೆ ಹೊಳೆಯದೇ ಇದ್ದ ಕೆಲಸವನ್ನು ಇಬ್ಬರು ವಿದ್ಯಾರ್ಥಿಗಳು ಮಾಡಿ ಮುಗಿಸಿದ್ದರು. ತಾವು ಹುಟ್ಟುವ ಹೊತ್ತಿನ ತಂಡದ ಹಾಡು ಆ ಹುಡುಗರ ಕಿವಿಗೆ ಬಿದ್ದದ್ದಾದರೂ ಹೇಗೆ? ಅದೇ ಈ ಕಥೆ.

ಎದುರಂಗಡಿಯ ಹೆಸರು

ಟೆನೆಸಿ ರಾಜ್ಯದ ಮೆಂಫಿಸ್ ಎಲ್ವಿಸ್ ಪ್ರೀಸ್ಲಿಯ ಊರು, 'ಸೋಲ್' ಸಂಗೀತದ ತವರು. ಅಂಥ ಊರಿನಲ್ಲಿದ್ದುಕೊಂಡು ಇಂಗ್ಲೆಂಡಿನ 'ಬೀಟಲ್ಸ್', 'ಕಿಂಕ್ಸ್' ತಂಡಗಳ ಹುಚ್ಚು ಹಿಡಿಸಿಕೊಂಡಿದ್ದವರು ನಾಲ್ವರು ತರುಣರು. ಕ್ರಿಸ್ ಬೆಲ್ ಮತ್ತು ಅಲೆಕ್ಸ್ ಚಿಲ್ಟನ್ ಹಾಡು ಕಟ್ಟಿ ಹಾಡುವವರು, ಗಿಟಾರ್ ನುಡಿಸುವವರು. ಆ್ಯಂಡಿ ಹಮ್ಮೆಲ್‌ನದು ಬಾಸ್ ಗಿಟಾರ್, ಸ್ಟೀಫನ್ಸ್‌ನದು ಡ್ರಮ್. ಇವರಲ್ಲಿ ಚಿಲ್ಟನ್ ಆಗಲೇ ಹೆಸರು ಕಂಡವ. 1967ರಲ್ಲಿ, ಹದಿನಾರರ ವಯಸ್ಸಿಗೇ, 'ಬಾಕ್ಸ್ ಟಾಪ್ಸ್' ತಂಡದೊಂದಿಗೆ ಆತ ಹಾಡಿದ್ದ 'ದಿ ಲೆಟರ್' ನಾಲ್ಕು ವಾರ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು.

ಈ ಹುಡುಗರಿಗೆ ಆಸರೆಯಾಗಿದ್ದು ಜಾನ್ ಫ್ರೈ ಅವರ 'ಆರ್ಡೆಂಟ್' ಸ್ಟುಡಿಯೋ. ಫ್ರೈ ಶಾಲಾ ಹುಡುಗನಾಗಿದ್ದಾಗ ತಂದೆ ತಾಯಿಯ ಮನೆಯಲ್ಲೇ ಧ್ವನಿಮುದ್ರಣ ಶುರುಮಾಡಿದವರು. ತಾವು ಕಲಿತದ್ದನ್ನು ಊರಿನ ಆಸಕ್ತ ಹುಡುಗರಿಗೆ ಕಲಿಸಿದರು. ದುಡ್ಡು ಕೊಡುವ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅಂದರೆ ಹೆಚ್ಚಾಗಿ ರಾತ್ರಿ, ಸ್ಟುಡಿಯೋವನ್ನು ಅವರ ಕೈಗೇ ಒಪ್ಪಿಸಿದರು. ಬಿಗ್ ಸ್ಟಾರ್ ತಂಡದ ಹಾಡುಗಳು ಇಂದಿಗೂ ನಿನ್ನೆ ಮುದ್ರಿಸಿದಷ್ಟು ಸ್ವಚ್ಛವಾಗಿ ಕೇಳಿಸುವುದರ ಹಿಂದೆ ಆ ಪಾಠವಿದೆ.

ಹೆಸರು ಬಂದದ್ದು ಸ್ಟುಡಿಯೋ ಎದುರಿಗಿದ್ದ 'ಬಿಗ್ ಸ್ಟಾರ್' ಎಂಬ ದಿನಸಿ ಮಳಿಗೆಯ ಫಲಕದಿಂದ. 1972ರಲ್ಲಿ ಬಂದ ಮೊದಲ ಎಲ್.ಪಿ.ಗೆ ಇಟ್ಟದ್ದು ಅದಕ್ಕಿಂತ ದೊಡ್ಡ ಹೆಸರು: 'ನಂಬರ್ ಒನ್ ರೆಕಾರ್ಡ್'!

ಎಂಥ ಹಾಡುಗಳಿವು? ಹೆಚ್ಚಿನವು ಮೂರು ಮೂರೂವರೆ ನಿಮಿಷದವು. ಮೊದಲ ಸಲ ಕೇಳಿದಾಗಲೇ ಗುನುಗಬಹುದಾದ ರಾಗ. ಗೆಜ್ಜೆ ಸಿಡಿದಂತೆ ಕಿಣಿಕಿಣಿಸುವ ಗಿಟಾರ್. ಒಂದೇ ಸಾಲನ್ನು ಎರಡು ಮೂರು ಕಂಠಗಳು ಬೇರೆ ಬೇರೆ ಸ್ವರದಲ್ಲಿ ಹಿಡಿದು ಒಟ್ಟಿಗೆ ಸಾಗುವ ಹದ. 'ಪವರ್ ಪಾಪ್' ಎಂದು ಈ ಶೈಲಿಯನ್ನು ಕರೆಯುತ್ತಾರೆ. ಆ ಪದವನ್ನು 1967ರಲ್ಲಿ ಚಲಾವಣೆಗೆ ತಂದವನು 'ದಿ ಹೂ' ತಂಡದ ಪೀಟ್ ಟೌನ್‌ಶೆಂಡ್. ಕೇಳಲು ಸಲೀಸು, ಕಟ್ಟಲು ಕಷ್ಟ. ಸ್ವಲ್ಪ ಸಕ್ಕರೆ ಹೆಚ್ಚಾದರೂ ಬಾಯಿ ಕಟ್ಟುತ್ತದೆ, ಸ್ವಲ್ಪ ಗದ್ದಲ ಹೆಚ್ಚಾದರೂ ರಾಗ ಕಳೆದುಹೋಗುತ್ತದೆ. 'ಥರ್ಟೀನ್' ಎಂಬ ಹಾಡನ್ನೇ ನೋಡಿ. ಅದರಲ್ಲಿ ಡ್ರಮ್ಮಿನ ಸದ್ದೇ ಇಲ್ಲ. ಹದಿಮೂರರ ಹುಡುಗನ ಸಂಕೋಚವನ್ನು ಮೆಲುದನಿಯ ಗಿಟಾರುಗಳ ಮೇಲೆ ಒಂದಿಷ್ಟೂ ಚೆಲ್ಲದಂತೆ ಹೊತ್ತು ತರುತ್ತದೆ.

ಮಳಿಗೆಗೆ ಬಾರದ ರೆಕಾರ್ಡು

ವಿಮರ್ಶಕರು ಮೆಚ್ಚಿದರು. ಮೆಚ್ಚುಗೆ ಓದಿ ಅಂಗಡಿಗೆ ಹೋದವರಿಗೆ ರೆಕಾರ್ಡೇ ಸಿಗಲಿಲ್ಲ! ಮಾರಾಟದ ಹೊಣೆ ಹೊತ್ತಿದ್ದ 'ಸ್ಟ್ಯಾಕ್ಸ್' ಕಂಪನಿಗೆ ಸೋಲ್ ಸಂಗೀತ ಮಾರಿ ಗೊತ್ತಿತ್ತೇ ಹೊರತು ಇಂಥ ಹಾಡು ಮಾರಿ ಗೊತ್ತಿರಲಿಲ್ಲ. ಮುಂದೆ ಸ್ಟ್ಯಾಕ್ಸ್ ತನ್ನ ವಿತರಣೆಯನ್ನು 'ಕೊಲಂಬಿಯಾ' ಕಂಪನಿಗೆ ವಹಿಸಿತು. ಅಲ್ಲಿಂದ ಇದ್ದಬದ್ದ ಪ್ರತಿಗಳೂ ಅಂಗಡಿಗಳಿಂದ ಮಾಯವಾದವು. ಬಿಡುಗಡೆಯ ಹೊತ್ತಿನಲ್ಲಿ ಮಾರಾಟವಾದ ಪ್ರತಿಗಳು ಹತ್ತು ಸಾವಿರವನ್ನೂ ಮುಟ್ಟಲಿಲ್ಲ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ನೆನಪಾಗಬೇಕು.

ಈ ಸೋಲು ಹೆಚ್ಚು ತಟ್ಟಿದ್ದು ಕ್ರಿಸ್ ಬೆಲ್‌ಗೆ. ಹಾಡಿನ ಒಂದೊಂದು ಎಳೆಯನ್ನೂ ಕೂತು ನೇಯ್ದವನು ಅವನು. ಅದೇ ವರ್ಷದ ಕೊನೆಗೆ ತಂಡ ಬಿಟ್ಟ. ಉಳಿದ ಮೂವರು 1974ರಲ್ಲಿ 'ರೇಡಿಯೋ ಸಿಟಿ' ಎಂಬ ಎರಡನೆಯ ಆಲ್ಬಂ ತಂದರು. ಕಂಪನಿಗಳ ಜಗಳದಲ್ಲಿ ಅದೂ ಸೊರಗಿತು. ಮೂರನೆಯದನ್ನು ಮುದ್ರಿಸಿದರೂ ಕೊಳ್ಳುವವರಿರಲಿಲ್ಲ. ಹೀಗೆ ತಂಡ ಸದ್ದಿಲ್ಲದೆ ಕರಗಿತು. 1975ರ ಕೊನೆಗೆ ಸ್ಟ್ಯಾಕ್ಸ್ ಕಂಪನಿಯೇ ದಿವಾಳಿಯಾಯಿತು.

ಲೆಕ್ಕದ ಪುಸ್ತಕದ ಪ್ರಕಾರ ಕಥೆ ಇಲ್ಲಿಗೆ ಮುಗಿಯಿತು.

ಕೇಳಿದವರ ಸರಪಳಿ

ಆದರೆ ಪುಸ್ತಕಕ್ಕೆ ಸಿಗದ ಒಂದು ಲೆಕ್ಕವಿತ್ತು. ಮಾರಾಟವಾದ ಕೆಲವೇ ಪ್ರತಿಗಳು ಎಂಥವರ ಕೈ ಸೇರಿದ್ದವು ಎಂಬುದು.

ಮೊದಲ ಕೊಂಡಿ ಕೂಡಿದ್ದು 1973ರ ಮೇ ತಿಂಗಳಲ್ಲಿ. ಆರ್ಡೆಂಟ್ ಬಳಗದವರು ದೇಶದ ಸಂಗೀತ ಬರಹಗಾರರನ್ನೆಲ್ಲ ಮೆಂಫಿಸ್‌ಗೆ ಕರೆಸಿ ಒಂದು ಸಮ್ಮೇಳನ ನಡೆಸಿದರು. ಬೆಲ್ ಇಲ್ಲದ ಬಿಗ್ ಸ್ಟಾರ್ ಅಲ್ಲಿ ನುಡಿಸಿತು. ಸದಾ ಹುಬ್ಬು ಗಂಟಿಕ್ಕಿ ಕೇಳುವ ವಿಮರ್ಶಕರು ಎದ್ದು ಕುಣಿದರು. ಊರಿಗೆ ಮರಳಿದ ಮೇಲೂ ಅವರು ಈ ಹೆಸರನ್ನು ಮರೆಯಲಿಲ್ಲ.

ಎರಡನೆಯ ಕೊಂಡಿ ಕ್ರಿಸ್ ಸ್ಟೇಮಿ. ನಾರ್ತ್ ಕೆರೊಲಿನಾದ ಈ ತರುಣ ಬಿಗ್ ಸ್ಟಾರ್ ಅಭಿಮಾನಿ. 1977ರಲ್ಲಿ ನ್ಯೂಯಾರ್ಕ್‌ನಲ್ಲಿ ಚಿಲ್ಟನ್ ಜತೆ ನುಡಿಸುವಷ್ಟು ಹತ್ತಿರದವನಾದ. ಅತ್ತ ಕ್ರಿಸ್ ಬೆಲ್‌ನ ಸ್ಥಿತಿ ಚೆನ್ನಾಗಿರಲಿಲ್ಲ. ಕುಸಿದ ಮನಸ್ಸಿಗೆ ಚೇತರಿಕೆ ಸಿಗಲೆಂದು ಸಹೋದರ ಡೇವಿಡ್ ಆತನನ್ನು ಯೂರೋಪಿಗೆ ಕರೆದೊಯ್ದಿದ್ದ. ಅಲ್ಲಿ ಫ್ರಾನ್ಸ್‌ನ ಸ್ಟುಡಿಯೋ ಒಂದರಲ್ಲಿ ಬೆಲ್ ಹಾಡುಗಳನ್ನು ಮುದ್ರಿಸಿದ. ಆದರೆ ಯಾವ ಕಂಪನಿಯೂ ಅವನ್ನು ಮುಟ್ಟಲಿಲ್ಲ. ಊರಿಗೆ ಬಂದು ಮನೆಯವರ ಹೋಟೆಲಿನಲ್ಲಿ ಕೆಲಸಕ್ಕೆ ನಿಂತ.

ಆಗ ಸ್ಟೇಮಿ, 'ಕಾರ್ ರೆಕಾರ್ಡ್ಸ್' ಎಂಬ ತನ್ನ ಪುಟಾಣಿ ಕಂಪನಿಯಿಂದ, 1978ರಲ್ಲಿ ಬೆಲ್‌ನ ಎರಡು ಹಾಡುಗಳ ಒಂದು ರೆಕಾರ್ಡು ಹೊರತಂದ. ಒಂದು ಬದಿಯಲ್ಲಿ 'ಐ ಆ್ಯಮ್ ದಿ ಕಾಸ್ಮೋಸ್', ಇನ್ನೊಂದು ಬದಿಯಲ್ಲಿ 'ಯು ಆ್ಯಂಡ್ ಯುವರ್ ಸಿಸ್ಟರ್'. ಎರಡನೆಯದರಲ್ಲಿ ಹಿಂದಿನಿಂದ ದನಿಗೂಡಿಸಿದವನು ಹಳೆಯ ಗೆಳೆಯ ಚಿಲ್ಟನ್. ಬೆಲ್ ಬದುಕಿದ್ದಾಗ ಅವನ ಸ್ವಂತ ಹೆಸರಿನಲ್ಲಿ ಬಂದದ್ದು ಇದೊಂದೇ. ಆ ವರ್ಷದ ಡಿಸೆಂಬರ್ 27ರ ರಾತ್ರಿ ಮನೆಗೆ ಮರಳುವಾಗ ಆತನ ಕಾರು ರಸ್ತೆಬದಿಯ ಕಂಬಕ್ಕೆ ಬಡಿಯಿತು. ಬೆಲ್ ಉಳಿಯಲಿಲ್ಲ. ವಯಸ್ಸು 27.

ಸ್ಟೇಮಿ ಮುಂದೆ 'ಡಿಬೀಸ್' ಎಂಬ ತಂಡ ಕಟ್ಟಿದ. ಅದೂ ಬಲು ಇಂಪಿನ, ಬಲು ಕಡಿಮೆ ಜನ ಕೇಳಿದ ತಂಡವೇ. ಅದರ ಮೊದಲ ಆಲ್ಬಂ 1981ರಲ್ಲಿ ಬಂದಾಗ ಬಿಡುಗಡೆಯಾದದ್ದು ಇಂಗ್ಲೆಂಡಿನಲ್ಲಿ, ತನ್ನ ದೇಶದಲ್ಲಲ್ಲ. ಸ್ಟೇಮಿಯ ಬಾಲ್ಯದ ಗೆಳೆಯ ಮಿಚ್ ಈಸ್ಟರ್ ಎಂಬಾತ 1983ರಲ್ಲಿ 'ಆರ್.ಇ.ಎಂ.' ತಂಡದ ಮೊದಲ ಆಲ್ಬಂ ರೂಪಿಸಿದವರಲ್ಲೊಬ್ಬ. ಆರ್.ಇ.ಎಂ. ಹುಟ್ಟಿದ್ದೂ ಜಾರ್ಜಿಯಾದ ಅಥೆನ್ಸ್ ಎಂಬ ಕಾಲೇಜು ಊರಿನಲ್ಲಿ. ಅದರ ಗಿಟಾರ್ ವಾದಕ ಪೀಟರ್ ಬಕ್ ರೆಕಾರ್ಡು ಅಂಗಡಿಯಲ್ಲಿ ಕೆಲಸಕ್ಕಿದ್ದ. ಹಾಡುಗಾರ ಮೈಕೆಲ್ ಸ್ಟೈಪ್ ಅಲ್ಲಿಗೆ ಬರುತ್ತಿದ್ದ ಗಿರಾಕಿ! ಜಗತ್ಪ್ರಸಿದ್ಧರಾದ ಮೇಲೂ ಇವರು ಬಿಗ್ ಸ್ಟಾರ್ ಹೆಸರು ಹೇಳುವುದನ್ನು ಬಿಡಲಿಲ್ಲ.

1980ರ ದಶಕದ ಆರಂಭದಲ್ಲಿ ಚಿಲ್ಟನ್ ನ್ಯೂ ಆರ್ಲಿಯನ್ಸ್ ನಗರದಲ್ಲಿ ತಟ್ಟೆ ತೊಳೆದು ಹೊಟ್ಟೆ ಹೊರೆಯುತ್ತಿದ್ದ. 1986ರಲ್ಲಿ 'ಬ್ಯಾಂಗಲ್ಸ್' ಎಂಬ ಹುಡುಗಿಯರ ತಂಡ ಆತನ 'ಸೆಪ್ಟೆಂಬರ್ ಗರ್ಲ್ಸ್' ಹಾಡನ್ನು ತನ್ನ ಆಲ್ಬಂಗೆ ಸೇರಿಸಿಕೊಂಡಿತು. ಆ ಆಲ್ಬಂ ಲಕ್ಷಗಟ್ಟಲೆ ಖರ್ಚಾಯಿತು. ಮಿನಿಯಾಪೊಲಿಸ್‌ನ 'ರಿಪ್ಲೇಸ್‌ಮೆಂಟ್ಸ್' ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1987ರಲ್ಲಿ ಅದು 'ಅಲೆಕ್ಸ್ ಚಿಲ್ಟನ್' ಎಂಬ ಹೆಸರಿನ ಹಾಡನ್ನೇ ಕಟ್ಟಿತು. ಮುದ್ರಿಸಿದ್ದು ಅದೇ ಮೆಂಫಿಸ್‌ನ ಆರ್ಡೆಂಟ್ ಸ್ಟುಡಿಯೋದಲ್ಲಿ. ಹಾಡು ಕೇಳಿದ ಎಷ್ಟೋ ಹುಡುಗರು 'ಯಾರಪ್ಪಾ ಈ ಚಿಲ್ಟನ್?' ಎಂದು ಹುಡುಕುತ್ತ ಹೊರಟರು. ಸರಪಳಿ ಸಮುದ್ರವನ್ನೂ ದಾಟಿತು. ಸ್ಕಾಟ್ಲೆಂಡಿನ 'ಟೀನೇಜ್ ಫ್ಯಾನ್‌ಕ್ಲಬ್' 1993ರ ತನ್ನ ಆಲ್ಬಂಗೆ ಇಟ್ಟ ಹೆಸರು 'ಥರ್ಟೀನ್'.

ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಜಾನ್ ಆಯರ್ ಮತ್ತು ಕೆನ್ ಸ್ಟ್ರಿಂಗ್‌ಫೆಲೋ ಎಂಬ ಇಬ್ಬರು ಗೆಳೆಯರಿದ್ದರು. 1988ರಲ್ಲಿ ಮನೆಯಲ್ಲೇ ಹಾಡು ಮುದ್ರಿಸಿ, ಕ್ಯಾಸೆಟ್ ಮಾಡಿ ತಾವೇ ಹೊರತಂದರು. ತಂಡದ ಹೆಸರು 'ಪೋಸೀಸ್'. ಇವರಿಬ್ಬರೂ ಬಿಗ್ ಸ್ಟಾರ್ ಹಾಡುಗಳನ್ನು ಅರೆದು ಕುಡಿದವರು. 1993ರಲ್ಲಿ ಮಿಸ್ಸೂರಿಯ ಡೇರೆಯಲ್ಲಿ ಚಿಲ್ಟನ್ ಮತ್ತು ಸ್ಟೀಫನ್ಸ್ ಪಕ್ಕ ನಿಂತು ಉಳಿದೆರಡು ಜಾಗ ತುಂಬಿದವರು ಇವರೇ. ಕೇಳುಗರಾಗಿದ್ದವರು ತಂಡದ ಸದಸ್ಯರಾದರು. ಮುಂದೆ 2010ರವರೆಗೂ ಹಾಗೇ ಉಳಿದರು.

ಮಕ್ಕಳಿಗೆ, ಹೆತ್ತವರಿಗೆ

ಕರ್ನಾಟಕದ ಅಪ್ಪ ಅಮ್ಮಂದಿರಿಗೆ ಇದು ಅಪರಿಚಿತ ಕಥೆಯೇನಲ್ಲ. ಖಾಲಿ ಕ್ಯಾಸೆಟ್ ಕೊಂಡು, ಬೇಕಾದ ಹಾಡುಗಳ ಚೀಟಿ ಬರೆದು ಅಂಗಡಿಯವನಿಗೆ ಕೊಟ್ಟು ತುಂಬಿಸಿಕೊಂಡ ದಿನಗಳು ಎಷ್ಟೋ ಮನೆಗಳಲ್ಲಿ ಇನ್ನೂ ನೆನಪಿವೆ. ಹಾಸ್ಟೆಲಿನ ಒಂದು ಕೋಣೆಯಿಂದ ಹೊರಟ ಕ್ಯಾಸೆಟ್ ಹತ್ತು ಕೋಣೆ ಸುತ್ತಿ, ಟೇಪು ಸವೆದು ಮರಳಿ ಬರುತ್ತಿತ್ತು. ಅದರ ಮೇಲೆ ಕೈಬರಹದಲ್ಲಿದ್ದ ಹಾಡಿನ ಪಟ್ಟಿಯೇ ಒಂದು ಶಿಫಾರಸು ಪತ್ರ.

ಇಂದು ಮೊಬೈಲಿನಲ್ಲಿ ಕೋಟ್ಯಂತರ ಹಾಡುಗಳಿವೆ. ಬಿಗ್ ಸ್ಟಾರ್ ಆಲ್ಬಂಗಳೂ ಬೆರಳ ತುದಿಯಲ್ಲೇ ಸಿಗುತ್ತವೆ. 1972ರ ಕೊರತೆ ರೆಕಾರ್ಡಿನದಾಗಿದ್ದರೆ ಇಂದಿನ ಕೊರತೆ ಯಾವುದನ್ನು ಕೇಳಬೇಕೆಂದು ತಿಳಿಯದ್ದು. ನೀವು ನಿನ್ನೆ ಕೇಳಿದ್ದನ್ನು ನೋಡಿ ಯಂತ್ರ ಇವತ್ತಿನದನ್ನು ಮುಂದಿಡುತ್ತದೆ. ಗೆಳೆಯನೊಬ್ಬ ಹಾಗಲ್ಲ. ನಿಮಗೆ ಹಿಡಿಸದಿರಬಹುದು ಎಂಬ ಅಂಜಿಕೆಯಿಂದಲೇ, ತನಗೆ ಹಿಡಿಸಿದ್ದನ್ನು ನಿಮ್ಮ ಮುಂದಿಡುತ್ತಾನೆ. ಆ ಅಂಜಿಕೆಯಲ್ಲಿ ಒಂದು ಬೆಲೆಯಿದೆ.

ಹಾಗಾದರೆ ಏನು ಮಾಡಬೇಕು? ಮೆಚ್ಚಿದ ಹಾಡು ಸಿಕ್ಕರೆ ಅಷ್ಟಕ್ಕೇ ನಿಲ್ಲಬೇಡಿ. ಕಟ್ಟಿದವರು ಯಾರು, ಮುದ್ರಿಸಿದವರು ಯಾರು ಎಂದು ಹೆಸರುಗಳನ್ನು ಓದಿ. ಆ ಹಾಡುಗಾರ ತಾನು ಯಾರನ್ನು ಕೇಳಿ ಬೆಳೆದೆ ಎಂದು ಎಲ್ಲಾದರೂ ಹೇಳಿರುತ್ತಾನೆ. ಆ ಹೆಸರಿನ ಹಿಂದೆ ಹೋಗಿ. ಒಂದು ಹಾಡಿಗೆ ತೃಪ್ತರಾಗದೆ ಇಡೀ ಆಲ್ಬಂ ಕೇಳಿ. ಹೆತ್ತವರೂ ಅಷ್ಟೇ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತ ಮಗಳನ್ನು ಗದರುವ ಮುನ್ನ 'ಏನು ಕೇಳ್ತಿದ್ದೀಯಮ್ಮಾ?' ಎಂದು ಒಂದು ಸಲ ಪಕ್ಕದಲ್ಲಿ ಕೂರಬಹುದು. ಪರೀಕ್ಷೆಯ ಅಂಕಪಟ್ಟಿಯಲ್ಲಿ ಕಾಣದ ಒಂದು ಕಲಿಕೆ ಅಲ್ಲಿ ನಡೆದಿರುತ್ತದೆ.

ಚಿಲ್ಟನ್ 2010ರ ಮಾರ್ಚ್ 17ರಂದು, 59ರ ವಯಸ್ಸಿನಲ್ಲಿ ತೀರಿಕೊಂಡ. ಅದೇ ವಾರ ಟೆಕ್ಸಾಸ್‌ನ ಆಸ್ಟಿನ್ ಉತ್ಸವದಲ್ಲಿ ಬಿಗ್ ಸ್ಟಾರ್ ಹಾಡಬೇಕಿತ್ತು. ಆ ಕಾರ್ಯಕ್ರಮವೇ ಶ್ರದ್ಧಾಂಜಲಿಯಾಯಿತು. ಅದೇ ವರ್ಷ ಜುಲೈನಲ್ಲಿ ಹಮ್ಮೆಲ್ ಕೂಡ ಹೋದ. ಗುರುವಿನಂತಿದ್ದ ಜಾನ್ ಫ್ರೈ 2014ರಲ್ಲಿ ತೀರಿಕೊಂಡರು. ಅಷ್ಟರೊಳಗೆ ಇವರೆಲ್ಲ ತಮ್ಮ ಹಾಡುಗಳಿಗೆ ಮರುಜನ್ಮ ಬಂದದ್ದನ್ನು ಕಣ್ಣಾರೆ ಕಂಡಿದ್ದರು.

ಕಾಣದೆ ಹೋದವನು ಕ್ರಿಸ್ ಬೆಲ್ ಒಬ್ಬನೇ. ಆತನ ಹಾಡುಗಳ ಆಲ್ಬಂ ಹೊರಬಂದದ್ದು 1992ರಲ್ಲಿ, ಸತ್ತು ಹದಿನಾಲ್ಕು ವರ್ಷದ ಮೇಲೆ. ಮೆಚ್ಚುಗೆಯ ಮಾತು ಕೈಯಿಂದ ಕೈಗೆ ದಾಟಿ ಬರುವಷ್ಟರಲ್ಲಿ ಆತನ ಆಯುಷ್ಯ ಮುಗಿದಿತ್ತು. ಆದರೂ ಒಬ್ಬ ಅಭಿಮಾನಿ ಸಕಾಲಕ್ಕೆ ತಲುಪಿದ್ದ. ತನ್ನ ಹೆಸರು ಅಚ್ಚಾಗಿದ್ದ ಆ ಒಂದು ಪುಟ್ಟ ರೆಕಾರ್ಡನ್ನು ಬೆಲ್ ಕಂಡೇ ಹೋದ.