ದಾಸವಾಳ ಸತ್ತಿಲ್ಲ, ಚಿಗುರುವುದೇ ತಡ

ನ್ಯೂಜೆರ್ಸಿಯಂಥ ಚಳಿಯ ಸೀಮೆಯಲ್ಲಿ ನೆಲೆಸಿದ ಕನ್ನಡಿಗರು ಊರಿನ ಕೆಂಪು ದಾಸವಾಳವನ್ನು ಚಳಿಗಾಲ ಬಂತೆಂದರೆ ಕುಂಡಸಮೇತ ಮನೆಯೊಳಗೆ ತರಬೇಕು. ಹಿಮಕ್ಕೆ ಸಿಕ್ಕರೆ ಅದು ಉಳಿಯದು. ಹೀಗಾಗಿ ಅಲ್ಲಿನ ನೆಲದಲ್ಲಿ ಯಾವ ದಾಸವಾಳವೂ ಬಾಳುವುದಿಲ್ಲ ಎಂದು ಹಲವರು ನಂಬಿದ್ದಾರೆ. ಆದರೆ ಅದೇ ಕುಲದ ಹಿಬಿಸ್ಕಸ್ ಸಿರಿಯಾಕಸ್, ಅಲ್ಲಿನವರು ‘ರೋಸ್ ಆಫ್ ಶಾರನ್’ ಎನ್ನುವ ಪೊದೆ, ಮೈನಸ್ 25 ಡಿಗ್ರಿ ಸೆಲ್ಸಿಯಸ್ ಚಳಿಯನ್ನೂ ಅಂಗಳದಲ್ಲೇ ನಿಂತು ತಾಳಬಲ್ಲದು. ಹೆಸರಿನಲ್ಲಿ ಸಿರಿಯಾ ಇದ್ದರೂ ತವರು ಚೀನಾ. ದಕ್ಷಿಣ ಕೊರಿಯಾಕ್ಕೆ ಇದೇ ರಾಷ್ಟ್ರೀಯ ಹೂ.

ಈ ಗಿಡಕ್ಕೆ ಹೆಚ್ಚು ಅನ್ಯಾಯವಾಗುವುದು ವಸಂತದಲ್ಲಿ. ಸುತ್ತಲ ಗಿಡಗಳೆಲ್ಲ ಹಸಿರಾದರೂ ಇದು ಮೇ ತಿಂಗಳಲ್ಲೂ ಒಣಕಡ್ಡಿಯಂತೆ ನಿಂತಿರುತ್ತದೆ. ಚಳಿಗೆ ಸತ್ತಿತೆಂದು ಕಿತ್ತೆಸೆಯುವವರಿದ್ದಾರೆ. ಕೀಳುವ ಮೊದಲು ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೊಂಚ ಕೆರೆಯಬೇಕು. ಒಳಗೆ ತೇವವಾದ ಹಸಿರು ಕಂಡರೆ ಜೀವವಿದೆ. ಕಂದು ಬಣ್ಣವಿದ್ದು, ಕಡ್ಡಿ ಲಟಕ್ಕನೆ ಮುರಿದರೆ ಇನ್ನೂ ಕೆಳಗೆ, ಬುಡದ ಹತ್ತಿರ ಕೆರೆದು ನೋಡಬೇಕು. ತುದಿ ಒಣಗಿದ ಮಾತ್ರಕ್ಕೆ ಗಿಡ ಹೋಯಿತೆಂದಲ್ಲ.

ಕೊಂಬೆ ಸವರಿದರೆ ಆ ವರ್ಷ ಹೂವಿಲ್ಲ ಎಂಬ ಭಯವೂ ಬೇಡ. ಮೊಗ್ಗು ಬರುವುದು ಆ ವರ್ಷ ಹೊಸದಾಗಿ ಚಿಗುರಿದ ರೆಂಬೆಗಳಲ್ಲಿ. ಹಾಗಾಗಿ ಚಳಿಗಾಲದ ಕೊನೆಯಲ್ಲಿ, ಚಿಗುರುವ ಮುನ್ನ ಸವರಿದರೆ ನಷ್ಟವಿಲ್ಲ. ಚೆನ್ನಾಗಿ ತಗ್ಗಿಸಿ ಸವರಿದರೆ ಹೂವಿನ ಸಂಖ್ಯೆ ಇಳಿದು ಗಾತ್ರ ಹಿಗ್ಗುತ್ತದೆ. ಜೂನ್ ಕಳೆದ ಮೇಲೆ ಕತ್ತರಿ ಹಿಡಿದರೆ ಮಾತ್ರ ಮೊಗ್ಗುಗಳೇ ಹೋಗುತ್ತವೆ.

ಹೂ ತಡವಾಯಿತೆಂದು ಗೊಬ್ಬರ ಸುರಿಯುವುದು ಇನ್ನೊಂದು ತಪ್ಪು. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗುತ್ತದೆ, ಹೂ ಹಿಂದೆ ಬೀಳುತ್ತದೆ. ಇದು ಅರಳುವ ಕಾಲವೇ ಜುಲೈನಿಂದ ಸೆಪ್ಟೆಂಬರ್‌ವರೆಗೆ, ಉಳಿದ ಪೊದೆಗಳ ಹೂ ಮುಗಿದ ಮೇಲೆ. ಅದಕ್ಕೆ ಬೇಕಾದ್ದು ದಿನಕ್ಕೆ ಆರು ಗಂಟೆ ಬಿಸಿಲು, ಬೇರಿಗೆ ಹದವಾದ ತೇವ. ಬುಡದ ಮಣ್ಣು ಒಣಗಿ ಬಿರಿದರೂ ಮೊಗ್ಗು ಉದುರುತ್ತದೆ, ನೀರು ನಿಂತರೂ ಉದುರುತ್ತದೆ.

ಸುರುಳಿ ಸುತ್ತಿಕೊಂಡು ಬಿದ್ದ ಹೂ ಕಂಡು ರೋಗವೆಂದು ಔಷಧಿ ಹೊಡೆಯುವುದೂ ವ್ಯರ್ಥ. ಒಂದೊಂದು ಹೂವಿನ ಆಯಸ್ಸು ಹೆಚ್ಚೆಂದರೆ ಎರಡು ಮೂರು ದಿನ. ಹಿಂದೆಯೇ ಮತ್ತೊಂದು ಬಿರಿಯುತ್ತದೆ.

ನಿಜವಾದ ತೊಂದರೆ ಬೀಜದ್ದು. ಕಾಯಿ ಒಡೆದು ಉದುರಿದ ಬೀಜದಿಂದ ಪಾತಿಯ ತುಂಬ ಸಸಿಗಳೇಳುತ್ತವೆ. ಕಾಯಿ ಬಲಿಯುವ ಮುನ್ನ ಚಿವುಟಬಹುದು. ಅದಕ್ಕೆ ಪುರುಸೊತ್ತಿಲ್ಲದವರು ಅಮೆರಿಕದ ನ್ಯಾಷನಲ್ ಆರ್ಬೊರೇಟಂನಲ್ಲಿ ಡೊನಾಲ್ಡ್ ಎಗಾಲ್ಫ್ ರೂಪಿಸಿದ ಬಿಳಿ ಹೂವಿನ ‘ಡಯಾನಾ’ ತಳಿಯನ್ನು ನೆಡಬಹುದು. ಅದರಲ್ಲಿ ಬೀಜ ಕಟ್ಟುವುದೇ ಅಪರೂಪ.