ಕಾವಲು ಗ್ರಂಥಿಯ ಜಾಡು

ನಾಲಿಗೆಯ ಅಂಚಿನಲ್ಲೊಂದು ಚಿಕ್ಕ ಕ್ಯಾನ್ಸರ್ ಗಡ್ಡೆ. ಕತ್ತು ಮುಟ್ಟಿ ನೋಡಿದರೆ ಗಂಟಿಲ್ಲ, ಸ್ಕ್ಯಾನಿನಲ್ಲೂ ಏನೂ ಕಾಣದು. ಆದರೂ ಇಂಥ ರೋಗಿಗಳಲ್ಲಿ ಶೇ. 20ರಿಂದ 30ರಷ್ಟು ಮಂದಿಯ ಕತ್ತಿನ ದುಗ್ಧಗ್ರಂಥಿಗಳಿಗೆ ಕ್ಯಾನ್ಸರ್ ಆಗಲೇ ಇಳಿದಿರುತ್ತದೆ. ಗಂಟು ಕಾಣಿಸಲಿ ಎಂದು ಕಾಯುವುದು ದುಬಾರಿ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷ ಬದುಕುಳಿದವರು ಶೇ. 80, ಕಾದವರಲ್ಲಿ ಶೇ. 67.5. ಆದರೆ ಎಲ್ಲರ ಕತ್ತನ್ನೂ ಬಿಡಿಸಿ ಗ್ರಂಥಿಗಳನ್ನು ತೆಗೆದರೆ ಹತ್ತರಲ್ಲಿ ಏಳೆಂಟು ಮಂದಿ, ರೋಗವಿಲ್ಲದ ಗ್ರಂಥಿಗಳಿಗಾಗಿ ಭುಜದ ನೋವು, ತೋಳೆತ್ತಲಾಗದ ಸಂಕಟ ಅನುಭವಿಸಬೇಕಾದೀತು.

ಗಡ್ಡೆಯಿಂದ ಹರಿಯುವ ದುಗ್ಧರಸ ಮೊದಲು ತಲುಪುವ ಕಾವಲು ಗ್ರಂಥಿಯನ್ನಷ್ಟೇ ತೆಗೆದು ಪರೀಕ್ಷಿಸಿ, ಅದರಲ್ಲಿ ರೋಗ ಕಂಡರೆ ಮಾತ್ರ ಕತ್ತು ಬಿಡಿಸುವುದು ನಡುವಿನ ದಾರಿ. ಗಡ್ಡೆಯ ಸುತ್ತ ವಿಕಿರಣ ಸೂಸುವ ಟೆಕ್ನೀಷಿಯಂ-99ಎಂ ಬೆರೆತ ಸೂಕ್ಷ್ಮ ಕಣಗಳನ್ನು ಚುಚ್ಚಿ, ಗಾಮಾ ಕ್ಯಾಮೆರಾದಲ್ಲಿ ಅವುಗಳ ಜಾಡು ಹಿಡಿಯುತ್ತಾರೆ. ಸ್ಪೆಕ್ಟ್-ಸಿಟಿ ಸ್ಕ್ಯಾನ್ ಸೇರಿಸಿದರೆ ಗ್ರಂಥಿ ಯಾವ ಸ್ನಾಯುವಿನ ಹಿಂದಿದೆ ಎಂಬುದೂ ತಿಳಿಯುತ್ತದೆ. ಕೆಲವೊಮ್ಮೆ ಅದು ಕತ್ತಿನ ಎದುರು ಬದಿಯಲ್ಲಿ ಸಿಗುವುದೂ ಉಂಟು. ಈ ಚಿತ್ರಗಳು ತೋರಿಸುವುದು ದುಗ್ಧರಸದ ದಾರಿಯನ್ನು, ಕ್ಯಾನ್ಸರನ್ನಲ್ಲ. ರೋಗ ಇದೆಯೇ ಎಂದು ಹೇಳುವುದು ಸೂಕ್ಷ್ಮದರ್ಶಕ ಮಾತ್ರ. ಹಾಗಾಗಿ ಚಿತ್ರ ದಾರಿ ತಪ್ಪಿಸಿದರೆ ಪ್ರಯೋಗಾಲಯದ ಜಾಣ್ಮೆಯೆಲ್ಲ ವ್ಯರ್ಥ. ನಾಲಿಗೆಯಡಿಯ ಗಡ್ಡೆಗಳಲ್ಲಿ ಈ ಭಯ ಹೆಚ್ಚು: ಚುಚ್ಚಿದ ಜಾಗದ ವಿಕಿರಣದ ಪ್ರಖರತೆಯಲ್ಲೇ ಪಕ್ಕದ ಗ್ರಂಥಿ ಮುಚ್ಚಿಹೋಗುತ್ತದೆ. ಅಲ್ಲಿ ಇಂಡೊಸಯನೈನ್ ಗ್ರೀನ್ ನೆರವಿಗೆ ಬರುತ್ತದೆ. ಅವಕೆಂಪಿಗೆ ಸಮೀಪದ ಬೆಳಕಿನಲ್ಲಿ ಹೊಳೆಯುವ ಈ ಬಣ್ಣ ಶಸ್ತ್ರಕ್ರಿಯೆಯ ಹೊತ್ತಿನಲ್ಲೇ ಪರದೆಯ ಮೇಲೆ ಕಾಣುತ್ತದೆ. ವಿಕಿರಣದ ಗೊಡವೆಯಿಲ್ಲದ ಇದೊಂದೇ ಸಾಲದೇ ಎನ್ನಬಹುದು. ಸಾಲದು, ಆ ಹೊಳಪು ಅಂಗಾಂಶದಲ್ಲಿ ಸುಮಾರು ಒಂದು ಸೆಂಟಿಮೀಟರಿನಾಚೆ ಕಾಣದು, ಬಣ್ಣವೂ ಮೊದಲ ಗ್ರಂಥಿಯಲ್ಲಿ ನಿಲ್ಲದೆ ಬೇಗ ಮುಂದೆ ಹರಿಯುತ್ತದೆ. ಟೆಕ್ನೀಷಿಯಂ, ಈ ಬಣ್ಣ ಎರಡನ್ನೂ ಒಂದೇ ಕಣದಲ್ಲಿ ಬೆಸೆದ ಮಿಶ್ರ ದ್ರಾವಣವೇ ಹೆಚ್ಚು ಭರವಸೆಯದು.

ತಪ್ಪಿಹೋಗುವ ರೋಗದ ಗತಿಯೇನು? ಪ್ರಶ್ನೆ ನ್ಯಾಯವಾದದ್ದೇ. ಯುರೋಪಿನ 415 ರೋಗಿಗಳ ಅಧ್ಯಯನದಲ್ಲಿ ಈ ವಿಧಾನ ಪತ್ತೆಹಚ್ಚಿದ್ದು ಕತ್ತಿಗೆ ಹರಡಿದ್ದ ಪ್ರಕರಣಗಳಲ್ಲಿ ಶೇ. 86ನ್ನು. ಆದರೆ ಪೂರ್ತಿ ಕತ್ತು ಬಿಡಿಸಿದವರಲ್ಲೂ ರೋಗ ಮರುಕಳಿಸುವುದುಂಟು. ಎರಡೂ ವಿಧಾನಗಳನ್ನು ನೇರವಾಗಿ ಹೋಲಿಸಿದ ಫ್ರಾನ್ಸಿನ 2020ರ ಅಧ್ಯಯನದಲ್ಲಿ ಫಲಿತಾಂಶ ಸರಿಸಮವೆನಿಸಿತು. ನಮ್ಮಲ್ಲಿ ನಿಜವಾದ ಅಡ್ಡಿ ಬೇರೆ: ಗಾಮಾ ಕ್ಯಾಮೆರಾ ಇರುವುದು ಬಹುಪಾಲು ದೊಡ್ಡ ಊರುಗಳಲ್ಲಿ, ಮರುತಪಾಸಣೆಗೆ ಬಾರದ ರೋಗಿಗಳೂ ಬಹಳ. ಈ ಸೌಲಭ್ಯವೂ ನುರಿತ ರೋಗಶಾಸ್ತ್ರಜ್ಞರೂ ಇಲ್ಲದ ಕಡೆ ಕತ್ತು ಬಿಡಿಸುವುದೇ ಸರಿ. ಇರುವ ಕಡೆ, ಎಲ್ಲರಿಗೂ ಅದನ್ನೇ ಮಾಡುವುದಕ್ಕೆ ಸಮರ್ಥನೆ ಉಳಿದಿಲ್ಲ.